ಹಿತ್ತಲಲ್ಲಿ ಒಬ್ಬ ದೊಡ್ಡಪ್ಪ: ದೊಡ್ಡ ಆಮೆ ಸಾಕಿದ ಅನುಭವ

ಆಮೆ ಸಾಕೋದ್ರಲ್ಲಿ ಏನ್ರೀ ಮಜಾ, ಬಾಲ ಅಲ್ಲಾಡಿಸಲ್ಲ, ಮಡಿಲಿಗೆ ಬರಲ್ಲ ಅಂತ ಕೇಳುವವರೇ ಜಾಸ್ತಿ. ಚಿಂತಾಮಣಿ ಹತ್ತಿರದ ನಮ್ಮ ತೋಟದ ಮನೆಯಲ್ಲಿ ಇರುವುದು ಸುಲ್ಕಾಟಾ ಅನ್ನೋ ಜಾತಿ. ಆಫ್ರಿಕಾದ್ದು, ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನ ಒಣ ಬಯಲಿನದು. ಗಲಾಪಗೋಸ್ ಮತ್ತು ಅಲ್ಡಾಬ್ರಾ ದ್ವೀಪಗಳ ಆಮೆಗಳನ್ನು ಬಿಟ್ಟರೆ ನೆಲದ ಆಮೆಗಳಲ್ಲಿ ಇದೇ ದೊಡ್ಡದು. ಬೆಳೆದ ಮೇಲೆ 40–50 ಕೆಜಿ ಸಾಮಾನ್ಯ, ಕೆಲವು ಗಂಡುಗಳು ಅದಕ್ಕೂ ಜಾಸ್ತಿ ತೂಗುತ್ತವೆ. ಬೆಂಗಳೂರಿನ ಗೆಳೆಯರೊಬ್ಬರು ಫ್ಲಾಟಿನ ಬಾಲ್ಕನಿಯಲ್ಲಿ ಸಾಕುತ್ತಿದ್ದರು. ಅಂಗೈಯಗಲ ಇದ್ದದ್ದು ಟೀಪಾಯಿ ತಳ್ಳಿಕೊಂಡು ಓಡಾಡೋಕೆ ಶುರು ಮಾಡಿದ ಮೇಲೆ ಕಾಗದಪತ್ರ ಸಮೇತ ನನಗೆ ಒಪ್ಪಿಸಿದರು. ಮನೇಲಿ ಎಲ್ಲರೂ ಅವನನ್ನು ದೊಡ್ಡಪ್ಪ ಅಂತಲೇ ಕರೆಯೋದು. ನಿಜವಾದ ದೊಡ್ಡಪ್ಪ ಊರಿಂದ ಬಂದಾಗ ಮಾತ್ರ ಸ್ವಲ್ಪ ಮುಜುಗರ.

ನಾಯಿ ಸಾಕಿ ಅಭ್ಯಾಸ ಇರುವವರು ಆಮೆಯಿಂದಲೂ ಅದೇ ಪ್ರೀತಿ ಬಯಸಿ ಬೇಜಾರು ಮಾಡಿಕೊಳ್ಳುತ್ತಾರೆ. ಇದನ್ನು ಹಸು ಸಾಕಿದ ಹಾಗೆ ಸಾಕಬೇಕು. ಮೇವು, ನೀರು, ಗೋಡೆ, ರಾತ್ರಿಗೊಂದು ಬೆಚ್ಚನೆ ಜಾಗ ಸರಿಯಾಗಿದ್ದರೆ ಮಿಕ್ಕಿದ್ದನ್ನು ಅದೇ ನೋಡಿಕೊಳ್ಳುತ್ತೆ.

ಗೋಡೆ ಅಂದೆನಲ್ಲ, ಅದೇ ಮುಖ್ಯ. ತಂತಿ ಬೇಲಿ ಕೆಲಸಕ್ಕೆ ಬರಲ್ಲ, ಆಚೆ ಕಡೆ ಕಂಡರೆ ಸಾಕು, ಅಲ್ಲಿಗೇ ಹೋಗಬೇಕು ಅಂತ ದಿನವಿಡೀ ತಳ್ಳುತ್ತಾ ನಿಲ್ಲುತ್ತೆ. ನಮ್ಮ ಕಡೆ ಕಲ್ಲಿಗೇನು ಬರ ಇಲ್ಲ. ಸೈಜುಗಲ್ಲಿನ ಗೋಡೆ ಕಟ್ಟಿಸಿ, ತಳಪಾಯವನ್ನು ನೆಲದೊಳಗೆ ಸಾಕಷ್ಟು ಆಳಕ್ಕೆ ಇಳಿಸಿದೆ. ಯಾಕೆಂದರೆ ಈ ಜಾತಿ ಅಗೆಯುವ ಜಾತಿ. ಅದರ ಊರಲ್ಲಿ ಬಿಸಿಲಿನ ಧಗೆ ತಪ್ಪಿಸಿಕೊಳ್ಳಲು ಮೀಟರುಗಟ್ಟಲೆ ಉದ್ದದ ಬಿಲ ತೋಡುತ್ತೆ. ನಮ್ಮ ಕೆಂಪು ಮಣ್ಣಿನಲ್ಲಿ ಮಳೆ ಬಿದ್ದರೆ ಅಂಥ ಬಿಲ ಕುಸಿದು ಆಮೆ ಒಳಗೇ ಸಿಕ್ಕಿಕೊಳ್ಳಬಹುದು. ಅದಕ್ಕೇ ಮನೆ ಪಾಯದ ಪಕ್ಕ, ಗೋಡೆ ಬುಡದಲ್ಲಿ ಚಪ್ಪಡಿ ಹಾಸಿ, ನೆರಳಲ್ಲಿ ಒಂದು ಕೆಸರು ಗುಂಡಿ ಮಾಡಿಕೊಟ್ಟಿದ್ದೇನೆ. ಏಪ್ರಿಲ್ ಬಿಸಿಲಿಗೆ ಅದರಲ್ಲೇ ವಾಸ.

ಚಳಿಗೆ ಬೇರೆ ಏರ್ಪಾಡು. ಈ ಜಾತಿ ಚಳಿಗಾಲದಲ್ಲಿ ನಿದ್ದೆ ಹೋಗಲ್ಲ, ಡಿಸೆಂಬರ್, ಜನವರಿಯಲ್ಲಿ ನಮ್ಮಲ್ಲಿ ಬೀಳುವ ಚಳಿ ಅದಕ್ಕೆ ಆಗಿಬರಲ್ಲ, ಅದರಲ್ಲೂ ಚಳಿ ಜೊತೆ ತೇವ ಸೇರಿದರೆ ಮೂಗಲ್ಲಿ ಗುಳ್ಳೆ ಬರುತ್ತೆ, ಶ್ವಾಸಕೋಶಕ್ಕೆ ಇಳಿಯುತ್ತೆ. ಹಾಲೋ ಬ್ಲಾಕಿನ ಪುಟ್ಟ ಕೊಟ್ಟಿಗೆ, ಮೇಲೆ ಚಪ್ಪಡಿ, ಬಾಗಿಲಿಗೆ ದಪ್ಪ ರಬ್ಬರ್ ಪರದೆ, ಒಳಗೆ ಒಣಹುಲ್ಲು. ಬೆಳಕಿಲ್ಲದೆ ಶಾಖ ಮಾತ್ರ ಕೊಡುವ ಸೆರಾಮಿಕ್ ಹೀಟರಿಗೆ ಥರ್ಮೋಸ್ಟಾಟ್ ಹಾಕಿ ಇನ್ವರ್ಟರಿಗೆ ಜೋಡಿಸಿದ್ದೇನೆ. ಕರೆಂಟ್ ಕಥೆ ಗೊತ್ತಲ್ಲ.

ಮೇವಿನ ವಿಷಯದಲ್ಲಿ ನಮ್ಮ ಜಿಲ್ಲೆಯವರು ಪುಣ್ಯವಂತರು. ಅದಕ್ಕೆ ಬೇಕಾದ್ದು ನಾರು ಜಾಸ್ತಿ, ಪ್ರೋಟೀನ್ ಕಮ್ಮಿ ಇರುವ ಹುಲ್ಲು. ಗರಿಕೆ, ಸೀಮೆಹುಲ್ಲು, ದಾಸವಾಳದ ಎಲೆ, ಮುಳ್ಳು ಸುಟ್ಟು ತೆಗೆದ ಪಾಪಾಸುಕಳ್ಳಿ. ಇದೆಲ್ಲದಕ್ಕಿಂತ ಇಷ್ಟ ಹಿಪ್ಪುನೇರಳೆ ಸೊಪ್ಪು. ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರ ಹತ್ತಿರ ತರುತ್ತೇನೆ. ಔಷಧಿ ತಾಗಿದ ಸೊಪ್ಪು ತಿಂದರೆ ಹುಳ ಸಾಯುತ್ತೆ, ಹಾಗಾಗಿ ಹುಳ ಮೇಯುತ್ತಿರುವ ತೋಟದ ಸೊಪ್ಪಿಗೆ ಬೇರೆ ಪರೀಕ್ಷೆ ಬೇಡ. ಹಿಂಡಿ, ಬೂಸಾ, ಅನ್ನ ಯಾವುದೂ ಕೊಡಬೇಡಿ. ಟೊಮೇಟೊ ರೇಟ್ ಬಿದ್ದಾಗ ಅಕ್ಕಪಕ್ಕದವರು ಬಾಕ್ಸುಗಟ್ಟಲೆ ತಂದು ಸುರಿಯೋಕೆ ಬರುತ್ತಾರೆ. ಹಣ್ಣು ಜಾಸ್ತಿಯಾದರೆ ಭೇದಿ ಗ್ಯಾರಂಟಿ, ನಯವಾಗಿ ವಾಪಸ್ ಕಳಿಸೋದು ನಮ್ಮ ಮನೆಯವರ ಕೆಲಸ.

ಡಾಕ್ಟರ ವಿಷಯ. ಇಲ್ಲಿನ ಪಶುವೈದ್ಯರು ದನ, ಕುರಿ ನೋಡಿದವರು. ದನಕ್ಕೆ ಜಂತುಹುಳಕ್ಕೆ ಕೊಡುವ ಐವರ್ಮೆಕ್ಟಿನ್ ಆಮೆಗೆ ವಿಷ, ಸಾಯಲೂಬಹುದು. ಇದನ್ನು ಮನೆಯ ಎಲ್ಲರಿಗೂ ಹೇಳಿಟ್ಟಿರಿ. ನಾನು ಸರೀಸೃಪ ನೋಡುವ ಬೆಂಗಳೂರಿನ ವೈದ್ಯರ ಹತ್ತಿರವೇ ಹೋಗುತ್ತೇನೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯೋದು ಮರೀಬೇಡಿ, ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಅನ್ನೋ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರುತ್ತೆ.

ಇಷ್ಟೆಲ್ಲ ಮಾಡಿ ಸಿಗೋದೇನು ಅಂದರೆ, ಬೆಳಗ್ಗೆ ಬಿಸಿಲು ಕೊಟ್ಟಿಗೆ ಬಾಗಿಲಿಗೆ ಬಿದ್ದ ಮೇಲೇ ದೊಡ್ಡಪ್ಪ ಈಚೆ ಬರೋದು. ಮೈ ಕಾಯಿಸಿಕೊಂಡು ಒಂದೇ ದಾರಿಯಲ್ಲಿ ಗೋಡೆ ಸುತ್ತ ಒಂದು ರೌಂಡ್. ಹುಲ್ಲನ್ನು ಕರ್ ಕರ್ ಅಂತ ಕಿತ್ತು ತಿನ್ನುವ ಸದ್ದು ಕೇಳುತ್ತಾ ಕಾಫಿ ಕುಡಿದರೆ ಫೋನ್ ನೆನಪೇ ಬರಲ್ಲ. ನನ್ನ ನೀಲಿ ಬಕೆಟ್ ಗುರುತಿದೆ ಅವನಿಗೆ. ಗುರುತು ಬಕೆಟ್ಟಿನದೋ ನನ್ನದೋ ಅಂತ ನಾನು ಕೆದಕಲು ಹೋಗಿಲ್ಲ. ಪಕ್ಕದ ತೋಟದ ಅಜ್ಜಿ ಮೊದಲು ಆಮೆ ಹೊಕ್ಕ ಮನೆ ಉದ್ಧಾರ ಆಗಲ್ಲಪ್ಪ ಅಂತ ಬೈದರು, ಈಗ ಶನಿವಾರ ಶನಿವಾರ ಕುಂಕುಮ ತಂದು ಚಿಪ್ಪಿಗೆ ಇಡೋಕೆ ನೋಡುತ್ತಾರೆ!

ಒಂದಕ್ಕೆ ಜೊತೆ ಬೇಕಲ್ವಾ, ನಮ್ಮ ಹೊಲದಲ್ಲಿ ನಕ್ಷತ್ರ ಆಮೆ ಸಿಗುತ್ತೆ ತಂದುಕೊಡಲಾ ಅಂತ ಕೇಳಿದವರಿದ್ದಾರೆ. ಬೇಡವೇ ಬೇಡ. ಅದು ನಮ್ಮದೇ ಕಾಡುಪ್ರಾಣಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹಿಡಿಯೋದೂ ಸಾಕೋದೂ ಅಪರಾಧ. ಕಳ್ಳಸಾಗಣೆ ಜೋರಾಗಿದ್ದರಿಂದಲೇ 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಪೂರ್ತಿ ತಡೆ ಬಿತ್ತು. ಅಲ್ಲದೆ ಆಮೆಗೆ ಜೊತೆ ಬೇಕಿಲ್ಲ. ಎರಡು ಗಂಡು ಸೇರಿದರೆ ಗುದ್ದಾಡಿ ಒಂದನ್ನೊಂದು ಅಂಗಾತ ಕೆಡವುತ್ತವೆ. ಹೊರದೇಶದ ಸುಲ್ಕಾಟಾವನ್ನೂ ಸುಮ್ನೆ ತಂದಿಟ್ಟುಕೊಳ್ಳುವ ಹಾಗಿಲ್ಲ, 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಅನ್ನೋ ಆನ್‌ಲೈನ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಲೇಬೇಕು. ಇನ್ನೊಬ್ಬರಿಗೆ ಕೊಟ್ಟರೂ, ಸತ್ತರೂ ತಿಳಿಸಬೇಕು.

ಆ ಇನ್ನೊಬ್ಬರು ಯಾರು ಅನ್ನೋದನ್ನ ಮೊದಲೇ ಯೋಚಿಸಿ. ಈ ಜಾತಿ 70 ವರ್ಷಕ್ಕೂ ಜಾಸ್ತಿ ಬದುಕಬಲ್ಲದು, ನನಗೀಗಲೇ ಐವತ್ತು ದಾಟಿದೆ. ನನ್ನ ತಮ್ಮನ ಮಗ ಒಪ್ಪಿಕೊಂಡಿದ್ದಾನೆ, ರಜೆಗೆ ಬಂದಾಗ ಮೇವು, ಕೊಟ್ಟಿಗೆ ಎಲ್ಲಾ ಅವನದೇ. ನಾಳೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದರೆ ನೀನು ಹೋಗು, ದೊಡ್ಡಪ್ಪನ್ನ ಮಾತ್ರ ಫ್ಲಾಟಿಗೆ ಕರಕೊಂಡು ಹೋಗಬೇಡ ಅಂತ ಹೇಳಿದ್ದೇನೆ.