ಬೆಂಗಳೂರಿನ ಕಲ್ಲುಕಟ್ಟಡಗಳಲ್ಲಿ ಗ್ರಾನೈಟ್ ಯಾವುದು, ನೈಸ್ ಯಾವುದು: ನೋಡಿ ತಿಳಿಯುವ ಬಗೆ

ಕಲ್ಲಿನ ವ್ಯಾಪಾರಿಗಳ ಬಾಯಲ್ಲಿ ಗಟ್ಟಿಯಾಗಿರುವುದೆಲ್ಲ ಗ್ರಾನೈಟೇ. ಕಾಂಪೌಂಡಿನ ಬೂದು ಚಪ್ಪಡಿಯೂ ಗ್ರಾನೈಟು, ಅಡುಗೆಮನೆ ಕಟ್ಟೆಯ ಕರಿಕಲ್ಲೂ ಗ್ರಾನೈಟು. ಭೂವಿಜ್ಞಾನದ ಲೆಕ್ಕದಲ್ಲಿ ಮೊದಲನೆಯದು ಬೆಂಗಳೂರಿನ ಮಟ್ಟಿಗೆ ಬಹುಪಾಲು ನೈಸ್, ಅಂದರೆ ಪಟ್ಟಿ ಪಟ್ಟಿಯಾದ ಶಿಲೆ; ಎರಡನೆಯದು ಸಾಮಾನ್ಯವಾಗಿ ಡಾಲರೈಟ್ ಎಂಬ ನಯ ಹರಳಿನ ಕಪ್ಪು ಶಿಲೆ. ಈ ಮೂರನ್ನೂ ಬೇರ್ಪಡಿಸಿ ನೋಡುವುದು ರೂಢಿಯಾದರೆ ಊರಿನ ಹಳೆಯ ಕಟ್ಟಡಗಳ ಗೋಡೆ ಓದುವುದು ಕಷ್ಟವಲ್ಲ.

ಜೊತೆಗೆ ಒಯ್ಯಬೇಕಾದ್ದು ಕಡಿಮೆ: ಹತ್ತು ಪಟ್ಟು ಹಿಗ್ಗಿಸುವ ಪುಟ್ಟ ಭೂತಗನ್ನಡಿ, ಅರ್ಧ ಲೀಟರ್ ನೀರು, ಆರಿಂಚಿನ ಸ್ಕೇಲು, ದಾರಕ್ಕೆ ಕಟ್ಟಿದ ಒಂದು ಬಲವಾದ ಆಯಸ್ಕಾಂತ. ಸುತ್ತಿಗೆ, ಚಾಕು, ಆಸಿಡ್ ಮನೆಯಲ್ಲೇ ಇರಲಿ. ಸ್ಮಾರಕದ ಮೇಲೆ ಗೀರುವುದು ಅಪರಾಧ, ಅದರ ಅಗತ್ಯವೂ ಇಲ್ಲ. ಬೆಳಗಿನ ಎಂಟರ ಒಳಗೆ ಇಲ್ಲವೇ ಸಂಜೆ ಹೊರಡಿ. ಓರೆ ಬಿಸಿಲಿನಲ್ಲಿ ಹರಳುಗಳು ಮಿಂಚುತ್ತವೆ, ನಡುಮಧ್ಯಾಹ್ನ ಎಲ್ಲವೂ ಒಂದೇ ಬೂದು.

ಮೊದಲು ಲಾಲ್‌ಬಾಗಿಗೆ ಹೋಗಿ. ಕೆಂಪೇಗೌಡ ಗೋಪುರ ನಿಂತಿರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ಪೆನಿನ್ಸುಲರ್ ನೈಸ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಗೋಪುರದ ಕಡೆ ಕತ್ತೆತ್ತುವ ಮೊದಲು ಕಾಲಡಿ ನೋಡಿ. ಬಿಳಿ ಪಟ್ಟಿ, ಕಪ್ಪು ಪಟ್ಟಿ, ಮತ್ತೆ ಬಿಳಿ. ಕೆಲವೆಡೆ ನೇರವಾಗಿ, ಕೆಲವೆಡೆ ಹಿಟ್ಟು ಕಲಸಿದ ಹಾಗೆ ಸುರುಳಿ. ಹಳೆಯ ಶಿಲೆ ನೆಲದಾಳದ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ, ಅಲ್ಲಲ್ಲಿ ಕರಗಿ, ಖನಿಜಗಳು ಒಂದೇ ದಿಕ್ಕಿಗೆ ಸಾಲುಗಟ್ಟಿದ ಗುರುತು ಇದು. ಈ ಪಟ್ಟಿಗಳನ್ನು ಹತ್ತು ನಿಮಿಷ ನೋಡಿ ಕಣ್ಣಿಗೆ ಹಿಡಿಸಿಕೊಳ್ಳಿ. ಗ್ರಾನೈಟ್‌ನಲ್ಲಿ ಇಂಥ ಸಾಲು ಇರುವುದಿಲ್ಲ. ಕರಗಿದ ಶಿಲಾಪಾಕ ನಿಧಾನವಾಗಿ ಆರಿದ್ದರಿಂದ ಹರಳುಗಳು ಯಾವ ದಿಕ್ಕಿನ ಹಂಗೂ ಇಲ್ಲದೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ.

ಇನ್ನು ಖನಿಜ. ಕಲ್ಲಿನ ಒಂದು ಅಂಗೈಯಗಲ ಜಾಗ ಒದ್ದೆ ಮಾಡಿ, ಭೂತಗನ್ನಡಿಯನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ತಲೆಯನ್ನೇ ಕಲ್ಲಿನತ್ತ ತನ್ನಿ. ಸುಮಾರು ಎರಡೂವರೆ ಸೆಂಟಿಮೀಟರಿನಲ್ಲಿ ಚಿತ್ರ ಸ್ಪಷ್ಟವಾಗುತ್ತದೆ. ಗಾಜನ್ನು ಕಲ್ಲಿನ ಹತ್ತಿರ ಹಿಡಿದು ದೂರದಿಂದ ಇಣುಕುವವರಿಗೆ ಏನೂ ಕಾಣುವುದಿಲ್ಲ. ಎಲ್ಲರೂ ಮಾಡುವ ಮೊದಲ ತಪ್ಪು ಅದೇ. ಒಡೆದ ಗಾಜಿನ ಹಾಗೆ, ಕೊಳೆನೀರಿನ ಬಣ್ಣದಲ್ಲಿ ಇರುವುದು ಬೆಣಚು. ಕಲ್ಲಿನೆದುರು ತಲೆ ಅಲುಗಿಸಿದಾಗ ಚಪ್ಪಟೆ ಮುಖ ಕನ್ನಡಿಯಂತೆ ಒಮ್ಮೆಲೇ ಮಿಂಚಿದರೆ ಫೆಲ್ಡ್‌ಸ್ಪಾರ್. ಪದರ ಪದರವಾದ ಕಪ್ಪು ಚೂರುಗಳು ಬಯೊಟೈಟ್, ಅಂದರೆ ಕರಿ ಕಾಗೆಬಂಗಾರ. ಫೆಲ್ಡ್‌ಸ್ಪಾರ್‌ನಲ್ಲೂ ಎರಡು ಬಗೆ. ಗುಲಾಬಿ ಬಣ್ಣದ್ದು ಸಾಮಾನ್ಯವಾಗಿ ಪೊಟ್ಯಾಷಿಯಂ ಇರುವಂಥದು. ಬಿಳಿಯದರ ಮೇಲೆ ಕೂದಲೆಳೆಯಂಥ ಸಮಾನಾಂತರ ಗೆರೆಗಳು ಕಂಡರೆ ಅದು ಪ್ಲೇಜಿಯೋಕ್ಲೇಸ್.

ಹೆಸರಿಡುವ ಮೊದಲು ಎಣಿಸಬೇಕು. ಪಾರದರ್ಶಕ ಹಾಳೆಯ ಮೇಲೆ ಸೆಂಟಿಮೀಟರಿಗೊಂದರಂತೆ ಹತ್ತು ಸಾಲು, ಸಾಲಿಗೆ ಹತ್ತು ಚುಕ್ಕಿ ಇಡಿ. ಹಾಳೆಯನ್ನು ಕಲ್ಲಿನ ಮೇಲಿಟ್ಟು ಪ್ರತಿ ಚುಕ್ಕಿಯಡಿ ಯಾವ ಖನಿಜವಿದೆ ಎಂದು ಬರೆದುಕೊಳ್ಳಿ. ಬೆಣಚು ಮತ್ತು ಎರಡೂ ಫೆಲ್ಡ್‌ಸ್ಪಾರ್‌ಗಳನ್ನು ಕೂಡಿಸಿದ ಮೊತ್ತದಲ್ಲಿ ಬೆಣಚಿನ ಪಾಲು ಶೇಕಡ 20ರಿಂದ 60 ಇರಬೇಕು. ಫೆಲ್ಡ್‌ಸ್ಪಾರ್‌ನಲ್ಲಿ ಕನಿಷ್ಠ ಶೇಕಡ 35 ಪೊಟ್ಯಾಷಿಯಂ ಬಗೆಯದಿರಬೇಕು. ಆಗ ಗ್ರಾನೈಟ್ ಎನ್ನಬಹುದು. ಎರಡು ಮೂರು ಸೆಂಟಿಮೀಟರಿನ ದಪ್ಪ ಹರಳಿರುವ ಕಲ್ಲಿಗೆ ಈ ಹಾಳೆ ಸಾಲದು. ಒಂದೇ ಹರಳಿನ ಮೇಲೆ ನಾಲ್ಕು ಚುಕ್ಕಿ ಬಿದ್ದು ಲೆಕ್ಕ ಕೆಡುತ್ತದೆ, ಚುಕ್ಕಿಗಳ ಅಂತರ ಹರಳಿಗಿಂತ ದೊಡ್ಡದಿರಬೇಕು.

ದಪ್ಪ ಹರಳಿನ ಗುಲಾಬಿ ಕಲ್ಲು ಕಂಡರೆ ರಾಮನಗರ, ಮಾಗಡಿ ಕಡೆಯ ಕ್ಲೋಸ್‌ಪೇಟೆ ಗ್ರಾನೈಟ್ ಇರಬಹುದೆಂದು ಮೊದಲು ಯೋಚಿಸಿ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಸುಮಾರು 250 ಕೋಟಿ ವರ್ಷದ ಹಿಂದೆ ನೈಸ್‌ನೊಳಗೆ ನುಗ್ಗಿದ ಈ ಶಿಲೆ ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಹಬ್ಬಿದೆ. ಸಾವನದುರ್ಗ ಅದರದೇ ತುಣುಕು. ವಿಧಾನಸೌಧದ ಬೂದು ಕಲ್ಲು ಮಲ್ಲಸಂದ್ರ, ಹೆಸರಘಟ್ಟದ ಕಡೆಯದು. ಅಲಂಕಾರಕ್ಕೆ ಮಾಗಡಿಯ ಗುಲಾಬಿ ಮತ್ತು ತುರುವೇಕೆರೆಯ ಕಪ್ಪು ಕಲ್ಲು ಬಳಸಿದ್ದಾರೆ. ಎಲ್ಲ ದಿನವೂ ಗೋಡೆಯ ಹತ್ತಿರ ಬಿಡುವುದಿಲ್ಲವಾದ್ದರಿಂದ ದುರ್ಬೀನು ಇದ್ದರೆ ಒಳ್ಳೆಯದು.

ಕರಿಕಲ್ಲಿನಲ್ಲಿ ಬೆಣಚು ಕಾಣುವುದಿಲ್ಲ, ಹರಳು ನಯ, ಬಣ್ಣ ಒಂದೇ ಸಮ. ದಾರದ ಆಯಸ್ಕಾಂತ ಹತ್ತಿರ ತಂದಾಗ ಕಲ್ಲಿನತ್ತ ವಾಲಿದರೆ ಡಾಲರೈಟ್ ಇರುವ ಸಂಭವ ಹೆಚ್ಚು, ಒಳಗೆ ಮ್ಯಾಗ್ನಟೈಟ್ ಎಂಬ, ಆಯಸ್ಕಾಂತ ಸೆಳೆಯುವ ಕಬ್ಬಿಣದ ಖನಿಜ ಇರುತ್ತದೆ. ಇದೊಂದನ್ನೇ ನಂಬಬೇಡಿ, ಕೆಲವು ಗ್ರಾನೈಟುಗಳೂ ಸ್ವಲ್ಪ ಎಳೆಯುತ್ತವೆ. ಸಾಗಿಸುವವರಿಗೆ ತೂಕದಲ್ಲೇ ಗೊತ್ತಾಗುತ್ತದೆ: ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕಿಲೋ, ಡಾಲರೈಟ್ 85ರ ಹತ್ತಿರ.

ಬಣ್ಣ ನೋಡಿ ಮೋಸಹೋಗುವುದು ದೇವಸ್ಥಾನಗಳಲ್ಲಿ. ಬಸವನಗುಡಿಯ ದೊಡ್ಡ ಬಸವ ಕರ‍್ರಗಿರುವುದು ಕಲ್ಲಿನ ಗುಣವಲ್ಲ, ತಲೆತಲಾಂತರದಿಂದ ಸವರಿದ ಎಣ್ಣೆಯದು. ಮಳೆನೀರು ಇಳಿಯುವ ಕಡೆಯ ಕಪ್ಪು ಪಟ್ಟೆಗಳನ್ನೂ ನೈಸ್‌ನ ಪಟ್ಟಿ ಎಂದುಕೊಳ್ಳಬೇಡಿ, ಅದು ಪಾಚಿ. ನೈಸ್‌ನ ಪಟ್ಟಿ ಕಲ್ಲು ಮುಗಿದಲ್ಲಿ ಮುಗಿಯುತ್ತದೆ, ಪಾಚಿ ಸಂದು ದಾಟಿ ಕೆಳಗಿನ ಕಲ್ಲಿಗೂ ಇಳಿಯುತ್ತದೆ.

ಕಲ್ಲು ಹಾಳಾಗುವುದನ್ನೂ ಹೀಗೆಯೇ ಓದಬಹುದು. ಗೋಡೆಯ ಬುಡದ ಎರಡು ಮೂರು ಅಡಿಯಲ್ಲಿ ಹಪ್ಪಳದಂತೆ ಪದರ ಏಳುತ್ತಿದ್ದರೆ ನೆಲದ ತೇವದೊಂದಿಗೆ ಉಪ್ಪು ಏರುತ್ತಿದೆ ಎಂದರ್ಥ. ಅಂಥಲ್ಲಿ ಸಂದುಗಳನ್ನು ನೋಡಿ. ಹಳೆಯ ಗಾರೆ ಕಿತ್ತು ಸಿಮೆಂಟ್ ತುಂಬಿದ್ದರೆ, ಸಂದಿನಿಂದ ಆರಬೇಕಿದ್ದ ನೀರು ಕಲ್ಲಿನ ಮೈಯಿಂದಲೇ ಆರಿ, ಉಪ್ಪು ಅಲ್ಲೇ ಹರಳುಗಟ್ಟಿ ಪದರ ಎಬ್ಬಿಸುತ್ತದೆ. ಹಳದಿ ಕಲೆಗೆ ಹಲವು ಸಲ ಆಸಿಡ್ ತೊಳೆತವೇ ಕಾರಣ. ಬೆಣಚಿಗೆ ಏನೂ ಆಗುವುದಿಲ್ಲ, ಕರಿ ಕಾಗೆಬಂಗಾರದ ಕಬ್ಬಿಣ ಬಿಟ್ಟುಕೊಂಡು ತುಕ್ಕಾಗುತ್ತದೆ. ಕಬ್ಬಿಣದ ತಂತಿ ಬ್ರಷ್ಷಿನಿಂದ ಬಣ್ಣ ಉಜ್ಜಿ ತೆಗೆದಲ್ಲೂ ಇದೇ ಪಾಡು, ಬ್ರಷ್ಷಿನ ಪುಡಿ ಕಲ್ಲಿನ ಸಂದುಗಳಲ್ಲಿ ಉಳಿದು ಮೊದಲ ಮಳೆಗೆ ಕೆಂಪಾಗುತ್ತದೆ. ನೈಲಾನ್ ಬ್ರಷ್ಷು, ಬರೀ ನೀರು, ಸ್ವಲ್ಪ ತಾಳ್ಮೆ ಇದ್ದರೆ ಸಾಕು.