ಹಳೆಯ ಜಿಪ್ಸಿಯ ಸುರಕ್ಷತೆ: ರೀಕಾಲ್ ಕೈಗೆ ಸಿಗದಿದ್ದಾಗ ಮಾಲೀಕರು ಮಾಡಿಸಬೇಕಾದ ತಪಾಸಣೆ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಮಾರುತಿ ಜಿಪ್ಸಿ ಇನ್ನೂ ದುಡಿಯುವ ಗಾಡಿಯಾಗಿಯೇ ಉಳಿದಿದೆ. ಭದ್ರಾ ನಾಲೆಯ ಏರಿಯ ಮೇಲೆ, ಮಳೆ ಬಿದ್ದರೆ ಕಾಲು ಹುಗಿಯುವ ಎರೆಹೊಲದ ದಾರಿಯಲ್ಲಿ, ಹೊಳಲ್ಕೆರೆ ಕಡೆಯ ಕಲ್ಲುಗುಡ್ಡಗಳ ನಡುವೆ ಕೆಎ 16, ಕೆಎ 17 ಸಂಖ್ಯೆಯ ಜಿಪ್ಸಿಗಳು ಇಂದಿಗೂ ಓಡಾಡುತ್ತವೆ. ಅವುಗಳ ಜೊತೆಗೆ ಸೇನೆಯ ಹರಾಜಿನಿಂದ ಬಂದವು, ಕರಾವಳಿಯಿಂದ ಕೊಂಡು ತಂದವು ಸೇರಿಕೊಂಡಿವೆ. ಇಂಥ ಗಾಡಿಯನ್ನು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಎಂಜಿನ್ನಿನ ಸದ್ದು ಕೇಳಿ, ಬಣ್ಣ ನೋಡಿ, ಬೆಲೆ ಕುದುರಿಸಿ ಮುಗಿಸುತ್ತಾರೆ. ಸುರಕ್ಷತೆಯ ವಿಚಾರ ಬಂದಾಗ ‘ದೋಷವಿದ್ದರೆ ಕಂಪನಿಯೇ ವಾಪಸ್ ಕರೆಯುತ್ತಿತ್ತಲ್ಲ’ ಎನ್ನುತ್ತಾರೆ. ಈ ನಂಬಿಕೆಗೆ ಹಳೆಯ ಗಾಡಿಯ ಮಟ್ಟಿಗೆ ಆಧಾರ ಬಹಳ ಕಡಿಮೆ.

ನಮ್ಮ ದೇಶದಲ್ಲಿ ರೀಕಾಲ್ ಎಂಬುದು ಬಹುಕಾಲ ಕಂಪನಿಗಳ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ವಾಹನ ತಯಾರಕರ ಸಂಘವಾದ ಸಿಯಾಮ್ 2012ರಲ್ಲಿ ಸ್ವಯಂಪ್ರೇರಿತ ರೀಕಾಲ್‌ಗೆ ಒಂದು ಸಂಹಿತೆಯನ್ನು ರೂಪಿಸಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯು 110ಎ ಕಲಮಿನ ಮೂಲಕ, ದೋಷಯುಕ್ತ ವಾಹನಗಳನ್ನು ಹಿಂದಕ್ಕೆ ಕರೆಸಿಕೊಳ್ಳುವಂತೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿತು. ಅದಕ್ಕೆ ಸಂಬಂಧಿಸಿದ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದು, ತಪ್ಪಿತಸ್ಥ ತಯಾರಕರಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಾಯಿತು. ಆದರೆ ಈ ಕಡ್ಡಾಯ ವ್ಯವಸ್ಥೆ ಏಳು ವರ್ಷದೊಳಗಿನ ವಾಹನಗಳಿಗೆ ಮಾತ್ರ ಅನ್ವಯಿಸುತ್ತದೆ. 1985ರಲ್ಲಿ ಆರಂಭವಾದ ಜಿಪ್ಸಿಯ ಮಾರಾಟ ಸಾರ್ವಜನಿಕರಿಗೆ 2019ರಲ್ಲಿ ನಿಂತುಹೋದ ಕಾರಣ, ನಮ್ಮ ಊರುಗಳಲ್ಲಿ ಓಡುತ್ತಿರುವ ಹೆಚ್ಚುಕಡಿಮೆ ಎಲ್ಲ ಜಿಪ್ಸಿಗಳೂ ಈ ಗಡಿಯ ಆಚೆಗಿವೆ. ಹಾಗಾಗಿ ಇಷ್ಟು ವರ್ಷಗಳಲ್ಲಿ ಮಾಲೀಕರು ಹೇಳಿಕೊಂಡು ಬಂದಿರುವ ದೂರುಗಳನ್ನೇ ತಪಾಸಣೆಯ ಪಟ್ಟಿಯಾಗಿ ಇಟ್ಟುಕೊಳ್ಳುವುದು ಉಳಿದಿರುವ ದಾರಿ. ಜೀವಕ್ಕೆ ಕುತ್ತು ತರುವ ದೂರುಗಳನ್ನು ಮೊದಲು ಎತ್ತಿಕೊಳ್ಳಬೇಕು, ಮೈಕೈ ನೋಯಿಸುವ ದೂರುಗಳನ್ನು ಕೊನೆಗೆ.

ಮೊದಲು ಚಾಸಿ ಸಂಖ್ಯೆ

ಹಾಗೆಂದು ಕಂಪನಿಯ ದಾಖಲೆಯನ್ನು ನೋಡದೆ ಬಿಡಬಾರದು. ಚಾಸಿಯ ಮೇಲೆ ಕೊರೆದಿರುವ ಸಂಖ್ಯೆಯನ್ನು ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿ, ತೆಳುವಾದ ಬಿಳಿ ಹಾಳೆಯನ್ನು ಅದರ ಮೇಲೆ ಒತ್ತಿ ಹಿಡಿದು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಿರಿ. ಅಕ್ಷರಗಳ ಸುತ್ತ ವೆಲ್ಡಿಂಗಿನ ಗುರುತು, ಗ್ರೈಂಡರ್ ಹೊಡೆದ ಗೀರು, ಒಂದೇ ಅಂಕಿಯ ಎರಡು ಅಚ್ಚು ಕಂಡುಬಂದರೆ ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸುವುದು ಲೇಸು. ಪ್ರಿಂಟ್ ಆರ್‌ಸಿಯೊಂದಿಗೆ ತಾಳೆಯಾದರೆ, ಆ ಸಂಖ್ಯೆಯನ್ನು ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಕೊಟ್ಟು, ಬಾಕಿ ಉಳಿದ ರೀಕಾಲ್ ಅಥವಾ ಸರ್ವಿಸ್ ಕಾರ್ಯ ಏನಾದರೂ ಇದೆಯೇ ಎಂದು ಲಿಖಿತವಾಗಿ ಕೇಳಿ. ‘ಹಳೇ ಗಾಡಿ, ಏನೂ ಇರಲ್ಲ ಸರ್’ ಎಂಬ ಬಾಯಿಮಾತಿನ ಉತ್ತರ ಸಾಲದು. ಜಾಬ್ ಕಾರ್ಡಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ.

ಸೇನೆಯ ಹರಾಜಿನಲ್ಲಿ ಬಂದ ಗಾಡಿಯಾದರೆ ಮೂಲ ಮಾರಾಟ ಪತ್ರ ಮತ್ತು ನಾಗರಿಕ ನೋಂದಣಿಯ ಕಾಗದಗಳನ್ನು ಕಣ್ಣಾರೆ ನೋಡುವವರೆಗೆ ಮುಂಗಡ ಕೊಡಬೇಡಿ. ಖಾಸಗಿ ಗಾಡಿಗೆ 15 ವರ್ಷ ತುಂಬುತ್ತಿದ್ದರೆ ನೋಂದಣಿ ನವೀಕರಣಕ್ಕೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಬೇಕಾಗುತ್ತದೆ, ಆಗ ಗಾಡಿಯ ತಪಾಸಣೆಯೂ ನಡೆಯುತ್ತದೆ; ಆ ಖರ್ಚನ್ನು ಬೆಲೆ ಮಾತನಾಡುವಾಗಲೇ ಲೆಕ್ಕಕ್ಕೆ ಹಿಡಿಯಿರಿ.

ಸ್ಟೇರಿಂಗಿನ ನಡುಕ

ಜಿಪ್ಸಿ ಮಾಲೀಕರ ದೂರುಗಳಲ್ಲಿ ಅತ್ಯಂತ ಗಂಭೀರವಾದದ್ದು, ಗಂಟೆಗೆ 60 ಕಿ.ಮೀ. ಆಸುಪಾಸಿನಲ್ಲಿ ಒಂದು ಸಣ್ಣ ಗುಂಡಿ ಹಾರಿದೊಡನೆ ಮುಂದಿನ ಚಕ್ರಗಳು ಎಡಬಲಕ್ಕೆ ಬಡಿದುಕೊಂಡು ಸ್ಟೇರಿಂಗ್ ಕೈಯಲ್ಲಿ ನಿಲ್ಲದಂತಾಗುವುದು. ಹಳ್ಳಿಯ ದಾರಿಯಲ್ಲಿ ವರ್ಷಗಟ್ಟಲೆ ತೋರದ ಈ ದೋಷ, ಚಿತ್ರದುರ್ಗದಿಂದ ದಾವಣಗೆರೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ವೇಗ ಹಿಡಿದ ದಿನ ಒಮ್ಮೆಲೇ ಮುಖ ತೋರಿಸುತ್ತದೆ. ಸಾಮಾನ್ಯವಾಗಿ ವ್ಹೀಲ್ ಬ್ಯಾಲೆನ್ಸಿಂಗ್ ಮಾಡಿಸಿ ಅಥವಾ ಸ್ಟೇರಿಂಗ್ ಡ್ಯಾಂಪರ್ ಬದಲಿಸಿ ಸಮಾಧಾನಪಟ್ಟುಕೊಳ್ಳುತ್ತಾರೆ. ಡ್ಯಾಂಪರ್ ಹೊಸದಾದರೆ ನಡುಕ ಕೆಲವು ತಿಂಗಳು ಅಡಗಿರುವುದು ನಿಜ, ಆದರೆ ಮೂಲ ಸವೆತ ಒಳಗೇ ಬೆಳೆಯುತ್ತಿರುತ್ತದೆ.

ಜಿಪ್ಸಿಯ ಮುಂದಿನ ಆಕ್ಸಲಿನ ಎರಡೂ ತುದಿಯಲ್ಲಿ ದುಂಡನೆಯ ಹೌಸಿಂಗ್ ಇದ್ದು, ಅದರ ಮೇಲೆ ಚಕ್ರ ಹೊತ್ತ ನಕಲ್ ಎಂಬ ಕೀಲು ತಿರುಗುತ್ತದೆ. ಅದು ತಿರುಗಲು ಆಧಾರವಾಗಿ ಮೇಲೊಂದು ಕೆಳಗೊಂದು ಕಿಂಗ್ ಪಿನ್ ಎಂಬ ಗೂಟ, ಪ್ರತಿಯೊಂದಕ್ಕೂ ಒಂದು ಟೇಪರ್ ಬೇರಿಂಗ್. ಈ ಬೇರಿಂಗುಗಳು ಸವೆದರೆ ಚಕ್ರಕ್ಕೆ ಆಟ ಬರುತ್ತದೆ. ಪರೀಕ್ಷೆ ಸರಳವಾದದ್ದು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಆಕ್ಸಲಿಗೆ ಜಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ನಿಲ್ಲಿಸಿದ ಮೇಲೆ ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಒಳಹೊರಗೆ ಅಲುಗಾಡಿಸಿ. ಕಟಕಟ ಎಂದು ಆಟ ಸಿಕ್ಕಿದರೆ, ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಾಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ತೊಂದರೆ ವ್ಹೀಲ್ ಬೇರಿಂಗಿನಲ್ಲಿದೆ. ಒತ್ತಿದರೂ ಉಳಿದರೆ ಕಿಂಗ್ ಪಿನ್ ಬೇರಿಂಗೇ ಹೋಗಿದೆ. 3 ಮತ್ತು 9ರ ಜಾಗದಲ್ಲಿ ಹಿಡಿದಾಗ ಮಾತ್ರ ಆಟ ಕಾಣಿಸಿಕೊಂಡರೆ ಸ್ಟೇರಿಂಗ್ ಸರಳಿನ ತುದಿಯ ಕೀಲುಗಳಾದ ಟೈ ರಾಡ್ ಎಂಡುಗಳನ್ನು ನೋಡಬೇಕು.

ಬೇರಿಂಗ್ ಬದಲಿಸುವಾಗ ಕಿಂಗ್ ಪಿನ್ ಅಡಿಯ ತೆಳು ಲೋಹದ ಬಿಲ್ಲೆಗಳಾದ ಶಿಮ್‌ಗಳನ್ನು ಬೇಕಾದಂತೆ ಹೊಂದಿಸಿ, ನಕಲ್ ತಿರುಗಲು ಹಿಡಿಯುವ ಬಿಗಿಯನ್ನು ಸ್ಪ್ರಿಂಗ್ ತಕ್ಕಡಿಯಿಂದ ಅಳೆದು ವರ್ಕ್‌ಶಾಪ್ ಕೈಪಿಡಿಯ ಮಿತಿಗೆ ತರಬೇಕು. ಕೈಯಂದಾಜಿನಲ್ಲಿ ಬಿಗಿ ಮಾಡುವ ಗ್ಯಾರೇಜುಗಳೇ ಹೆಚ್ಚು. ತಕ್ಕಡಿ ಹಿಡಿಯುವ ಮೆಕ್ಯಾನಿಕ್ ಸಿಕ್ಕಿದರೆ ನಾಲ್ಕು ಕಾಸು ಹೆಚ್ಚು ಕೇಳಿದರೂ ಅವರಿಗೇ ಕೊಡಿ. ಅದೇ ಸಮಯದಲ್ಲಿ ನಕಲ್ ಹಿಂಭಾಗದ ಫೆಲ್ಟ್ ಮತ್ತು ರಬ್ಬರ್ ಸೀಲುಗಳನ್ನೂ ಬದಲಿಸಿ. ಗದ್ದೆಯ ಕೆಸರು ಒಳಸೇರುವುದು ಅಲ್ಲಿಂದಲೇ. ಸೀಲಿನ ಕೆಳಗೆ ಗ್ರೀಸು ಅಂಬಲಿಯಂತೆ ನೀರಾಗಿ ಒಸರುತ್ತಿದ್ದರೆ, ಆಕ್ಸಲಿನ ಒಳಸೀಲೂ ಹೋಗಿ ಗೇರ್ ಆಯಿಲ್ ಗ್ರೀಸಿನೊಂದಿಗೆ ಬೆರೆತಿದೆ ಎಂದು ತಿಳಿಯಬೇಕು.

ಬ್ರೇಕು, ಬ್ರೀದರ್, ಟೈರು

ಹಿಂದಿನ ಡ್ರಮ್ ಬ್ರೇಕ್ ಹಿಡಿಯುವುದಿಲ್ಲ, ಒಂದು ಕಡೆಗೆ ಎಳೆಯುತ್ತದೆ ಎಂಬುದು ಇನ್ನೊಂದು ಹಳೆಯ ದೂರು. ಲೈನಿಂಗ್ ಸವೆತವನ್ನು ಎಲ್ಲರೂ ನೋಡುತ್ತಾರೆ. ಆದರೆ ಡ್ರಮ್ ಬಿಚ್ಚಿದಾಗ ಲೈನಿಂಗ್ ಎಣ್ಣೆ ಕುಡಿದು ಕಪ್ಪಾಗಿದ್ದರೆ ಕಾರಣವನ್ನು ಆಕ್ಸಲ್ ಹೌಸಿಂಗಿನ ಮೇಲಿರುವ ಬ್ರೀದರಿನಲ್ಲಿ ಹುಡುಕಬೇಕು. ಬೆರಳ ತುದಿಯಷ್ಟಿರುವ ಆ ಕೊಳವೆ ಒಣಗಿದ ಮಣ್ಣಿನಿಂದ ಕಟ್ಟಿಕೊಂಡರೆ, ಓಡಿ ಕಾದ ಹೌಸಿಂಗಿನ ಗಾಳಿ ಹೊರಬರಲು ದಾರಿಯಿಲ್ಲದೆ ಆಯಿಲ್ ಸೀಲನ್ನು ತಳ್ಳುತ್ತದೆ, ಎಣ್ಣೆ ನೇರವಾಗಿ ಬ್ರೇಕಿನ ಮೇಲೆ ಬೀಳುತ್ತದೆ. ಅದೇ ಕಾದ ಹೌಸಿಂಗ್ ನಾಲೆಯ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ ಸೀಲಿನ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಡ್ರೈನ್ ಬೋಲ್ಟ್ ಸಡಿಲಿಸಿದಾಗ ಎಣ್ಣೆ ಹಾಲು ಬೆರೆಸಿದ ಹಾಗೆ ಬೆಳ್ಳಗೆ ಬಂದರೆ ನೀರು ಸೇರಿರುವುದು ಖಚಿತ. ಬ್ರೀದರನ್ನು ಶುಚಿಮಾಡಿ, ಎಣ್ಣೆ, ಸೀಲು, ಲೈನಿಂಗ್ ಮೂರನ್ನೂ ಒಟ್ಟಿಗೆ ಬದಲಿಸಬೇಕು. ಲೈನಿಂಗ್ ಮಾತ್ರ ಬದಲಿಸಿದರೆ ಹಣ ನೀರಿನಲ್ಲಿ ಹೋಮ ಮಾಡಿದಂತೆ. ಬ್ರೇಕಿನ ರಬ್ಬರ್ ಹೋಸ್‌ಗಳನ್ನು ಮಡಚಿ ಬಿರುಕು ನೋಡಿ. ಗಾಡಿಯನ್ನು ಎತ್ತರಿಸಿದ್ದರೆ ಹೋಸ್ ಉದ್ದ ಸಾಲದೆ ಬಿಗಿದಿರುವುದೂ ಉಂಟು.

ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನು ಓದಲು ಮರೆಯಬೇಡಿ. 2314 ಎಂದಿದ್ದರೆ ಅದು 2014ರ 23ನೆಯ ವಾರ ತಯಾರಾದ ಟೈರು. ಕಡಿಮೆ ಓಡುವ ಗಾಡಿಯಲ್ಲಿ ಟೈರಿನ ಮೇಲಿನ ಅಚ್ಚು ಸವೆಯದೆಯೇ ರಬ್ಬರ್ ಗಟ್ಟಿಯಾಗಿ ಸತ್ತಿರುತ್ತದೆ.

ಪಲ್ಟಿಯ ಪ್ರಶ್ನೆ

ಜಿಪ್ಸಿಯ ಸೋದರ ಮಾದರಿಯಾದ ಸುಝುಕಿ ಸಮುರಾಯ್ ಕುರಿತು ಅಮೆರಿಕದಲ್ಲಿ ದೊಡ್ಡ ವಿವಾದವೇ ನಡೆಯಿತು. 1988ರಲ್ಲಿ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಆ ಗಾಡಿ ತಿರುವಿನಲ್ಲಿ ಸುಲಭವಾಗಿ ಮಗುಚುತ್ತದೆಂದು ‘ಸ್ವೀಕಾರಾರ್ಹವಲ್ಲ’ ಎಂಬ ದರ್ಜೆ ನೀಡಿತು. ಅದೇ ವರ್ಷ ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ ದೋಷ ತನಿಖೆಯ ಮನವಿಯನ್ನು ತಿರಸ್ಕರಿಸಿತು. ಸುಝುಕಿ 1996ರಲ್ಲಿ ಹೂಡಿದ ದಾವೆ 2004ರಲ್ಲಿ ರಾಜಿಯಲ್ಲಿ ಮುಗಿಯಿತು. ಇದನ್ನು ಇದ್ದ ಹಾಗೆಯೇ ಜಿಪ್ಸಿಗೆ ಅನ್ವಯಿಸುವುದು ಸರಿಯಲ್ಲ, ಏಕೆಂದರೆ ಸಮುರಾಯ್‌ನ ವ್ಹೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) 2,030 ಮಿ.ಮೀ. ಆದರೆ ನಮ್ಮ ಜಿಪ್ಸಿಯದು 2,375 ಮಿ.ಮೀ. ಇದಲ್ಲದೆ 1993ರಲ್ಲಿ ಮಾರುತಿ ಎರಡೂ ಆಕ್ಸಲುಗಳ ಚಕ್ರಗಳ ನಡುವಿನ ಅಗಲವನ್ನು 90 ಮಿ.ಮೀ. ಹೆಚ್ಚಿಸಿತು. ಅದಕ್ಕೂ ಹಿಂದಿನ ಕಿರಿದಾದ ಗಾಡಿಯನ್ನು ಕೊಳ್ಳುವವರು ತಿರುವಿನಲ್ಲಿ ಹೆಚ್ಚಿನ ಎಚ್ಚರ ವಹಿಸಬೇಕು.

ನನ್ನ ಅಭಿಪ್ರಾಯದಲ್ಲಿ ಇಲ್ಲಿ ಕಂಪನಿಯ ವಿನ್ಯಾಸಕ್ಕಿಂತ ನಮ್ಮ ಶೋಕಿಯೇ ಹೆಚ್ಚು ಅಪಾಯ ತರುತ್ತಿದೆ. ಕಮಾನು (ಪಟ್ಟಿ ಸ್ಪ್ರಿಂಗ್) ಎತ್ತರಿಸಿ, ದೊಡ್ಡ ಟೈರು ಹಾಕಿ, ಮೇಲೆ ಕಬ್ಬಿಣದ ಕ್ಯಾರಿಯರ್ ಕೂರಿಸಿದರೆ ಗಾಡಿಯ ಭಾರವೆಲ್ಲ ಮೇಲಕ್ಕೇರುತ್ತದೆ. ತಯಾರಕರ ಮೂಲ ವಿವರಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನಿರ್ಬಂಧಿಸುತ್ತದೆ, ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಅಪಘಾತವಾದ ಮೇಲೆ ವಿಮಾ ಕಂಪನಿಯ ಸರ್ವೇಯರ್ ಮೊದಲು ಕಣ್ಣು ಹಾಯಿಸುವುದೂ ಇಂಥ ಬದಲಾವಣೆಗಳ ಮೇಲೆಯೇ. ಹಿಂದೆ ಅಡ್ಡಲಾಗಿ ಎದುರುಬದುರು ಕೂರುವ ಸೀಟುಗಳಿದ್ದರೆ ಅಲ್ಲಿ ಮಕ್ಕಳನ್ನು ಕೂರಿಸಿ ಹೆದ್ದಾರಿಗೆ ಇಳಿಯಬೇಡಿ.

ತುಕ್ಕು ಮತ್ತು ಉಳಿದವು

ನಮ್ಮ ಬಯಲುಸೀಮೆಯಲ್ಲೇ ಓಡಿದ ಗಾಡಿಗೆ ತುಕ್ಕು ಕಡಿಮೆ. ಮಲೆನಾಡು, ಕರಾವಳಿಯಿಂದ ಬಂದದ್ದಾದರೆ ಕಾಲಡಿಯ ಮ್ಯಾಟ್ ಎತ್ತಿ, ಸ್ಕ್ರೂಡ್ರೈವರ್ ತುದಿಯಿಂದ ತಳದ ತಗಡನ್ನೂ, ಬಾಡಿ ಚಾಸಿಗೆ ಕೂರುವ ಜಾಗಗಳನ್ನೂ, ಕಮಾನಿನ ಬ್ರಾಕೆಟ್ಟುಗಳನ್ನೂ ಕುಟ್ಟಿ ನೋಡಿ. ತಗಡು ತೂತಾದರೆ ಟಿಂಕರಿಂಗ್ ಮಾಡಿಸಬಹುದು. ಚಾಸಿ ತಿಂದಿದ್ದರೆ ಆ ಗಾಡಿಯನ್ನು ಬಿಡುವುದೇ ಒಳ್ಳೆಯದು.

ಟ್ರಾನ್ಸ್‌ಫರ್ ಕೇಸ್ (ಎಂಜಿನ್ನಿನ ಬಲವನ್ನು ಎರಡೂ ಆಕ್ಸಲುಗಳಿಗೆ ಹಂಚುವ ಪೆಟ್ಟಿಗೆ) ಗೇರ್‌ಬಾಕ್ಸಿನಿಂದ ಬೇರೆಯಾಗಿ ರಬ್ಬರ್ ಮೌಂಟಿಂಗುಗಳ ಮೇಲೆ ಕೂತಿರುವುದರಿಂದ, ಆ ರಬ್ಬರ್ ಹರಿದಾಗ ಗಾಡಿ ಎಳೆಯುವಾಗಲೆಲ್ಲ ಧಡ್ ಎಂದು ಬಡಿಯುತ್ತದೆ, ಫೋರ್ ವ್ಹೀಲ್ ಗೇರ್ ತಾನಾಗಿ ಬಿಟ್ಟುಕೊಳ್ಳಲೂಬಹುದು. ಒಣ ಡಾಂಬರಿನ ಮೇಲೆ ಫೋರ್ ವ್ಹೀಲ್ ಹಾಕಿ ಓಡಿಸುವ ಅಭ್ಯಾಸವೂ ಅದನ್ನು ಬೇಗ ಸವೆಸುತ್ತದೆ. ಇನ್ನು ಕುಲುಕುತ್ತದೆ, ಪೆಟ್ರೋಲ್ ಕುಡಿಯುತ್ತದೆ, ಸ್ಟೇರಿಂಗ್ ಭಾರ ಎಂಬ ದೂರುಗಳು ದೋಷಗಳಲ್ಲ. ನಾಲ್ಕೂ ಕಡೆ ಕಮಾನಿರುವ ಗಾಡಿಯ ಸ್ವಭಾವವೇ ಅದು.

ದುರಸ್ತಿಯಲ್ಲಿ ಮೋಸವಾದರೆ ಅಥವಾ ನಕಲಿ ಬಿಡಿಭಾಗ ಹಾಕಿದರೆ ಹಳೆಯ ಗಾಡಿಯ ಮಾಲೀಕರಿಗೂ ಗ್ರಾಹಕರ ಹಕ್ಕುಗಳಿವೆ. ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆದುಕೊಳ್ಳಿ, ಹೊಸದರ ಡಬ್ಬಿ ಮತ್ತು ಬಿಲ್ಲನ್ನು ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಸಲ್ಲಿಸಬಹುದು. ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಅದು ಆಗಬೇಕು.