ಸಿಮ್ ಇಲ್ಲದ ಫೋನೂ ದಾರಿ ತೋರಿಸುತ್ತದೆ: ಹೊಸದಾಗಿ ಬಂದವರಿಗೆ

ಪರದೇಶಕ್ಕೆ ಬಂದು ಕಾರು ಓಡಿಸಲು ಶುರು ಮಾಡುವ ನಮ್ಮವರಲ್ಲಿ ತುಂಬಾ ಜನಕ್ಕೆ ಒಂದು ನಂಬಿಕೆ ಇದೆ. ಇಂಟರ್ನೆಟ್ ಇಲ್ಲದಿದ್ದರೆ ಜಿಪಿಎಸ್ ಕೆಲಸ ಮಾಡುವುದಿಲ್ಲ ಅಂತ. ಅದು ನಿಜವಲ್ಲ. ಈ ನಂಬಿಕೆಯಿಂದಲೇ ಕೆಲವರು ರೋಮಿಂಗ್‌ಗೆ ದುಡ್ಡು ಸುರಿಯುತ್ತಾರೆ. ಕೆಲವರು ಸಿಮ್ ಸಿಗುವವರೆಗೆ ಮನೆಯಲ್ಲೇ ಕೂರುತ್ತಾರೆ. ಲೈಸೆನ್ಸ್, ಅಂತರರಾಷ್ಟ್ರೀಯ ಪರ್ಮಿಟ್, ಇನ್ಶೂರೆನ್ಸ್ ವಿಷಯಗಳನ್ನು ಆಯಾ ದೇಶದ ಸಾರಿಗೆ ಇಲಾಖೆಯ ಪುಟದಲ್ಲಿ ನೋಡಿಕೊಳ್ಳಿ. ನಾನು ಹೇಳಬೇಕೆಂದಿರುವುದು ದಾರಿಯ ಬಗ್ಗೆ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ದಿನಕ್ಕೆ ಎರಡು ಸಲ ಭೂಮಿಯನ್ನು ಸುತ್ತುತ್ತವೆ. ಪ್ರತಿಯೊಂದೂ ತನ್ನ ಗಡಿಯಾರದ ಸಮಯವನ್ನೂ ತಾನಿರುವ ಜಾಗವನ್ನೂ ಬಿಡದೆ ಹೇಳುತ್ತಿರುತ್ತದೆ. ಫೋನು ಅದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೇ. ಮೇಲಕ್ಕೆ ಏನನ್ನೂ ಕಳಿಸುವುದಿಲ್ಲ. ಸಿಗ್ನಲ್ ಬಂದು ಮುಟ್ಟಲು ಎಷ್ಟು ಹೊತ್ತಾಯಿತು ಎಂಬುದರಿಂದ ದೂರದ ಲೆಕ್ಕ ಹಾಕುತ್ತದೆ. ಇದಕ್ಕೆ ನಾಲ್ಕು ಉಪಗ್ರಹ ಸಿಗಬೇಕು. ಮೂರು ಜಾಗ ಹೇಳುವುದಕ್ಕೆ, ಇನ್ನೊಂದು ಫೋನಿನ ಗಡಿಯಾರದ ತಪ್ಪನ್ನು ಸರಿ ಮಾಡುವುದಕ್ಕೆ. ಈಗಿನ ಬಹಳಷ್ಟು ಫೋನುಗಳು ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೂ ಉಪಗ್ರಹಗಳನ್ನೂ ಬಳಸುತ್ತವೆ. ಇದಕ್ಕೆ ಬಾಡಿಗೆ ಇಲ್ಲ, ಸಿಮ್ ಬೇಡ.

ಇಂಟರ್ನೆಟ್ ಬೇಕಾಗುವುದು ಮ್ಯಾಪಿಗೆ. ಅದನ್ನು ಮೊದಲೇ ಇಳಿಸಿಕೊಂಡರೆ ಮುಗಿಯಿತು.

ಹಾಗಾಗಿ ನನ್ನ ಮೊದಲ ಸಲಹೆ ಇದು. ಮನೆಯಲ್ಲಿ ಸುಮ್ನೆ ಬಿದ್ದಿರುವ ಹಳೇ ಸ್ಮಾರ್ಟ್‌ಫೋನನ್ನು ಕಾರಿಗೆಂದೇ ಇಟ್ಟುಬಿಡಿ. ಕರೆ, ವಾಟ್ಸ್ಆಪ್ ಎಲ್ಲ ನಿಮ್ಮ ಮುಖ್ಯ ಫೋನಿನಲ್ಲಿರಲಿ. ದಾರಿ ನೋಡುವ ಪರದೆಯ ಮೇಲೆ ಯಾರ ಮೆಸೇಜೂ ಬರಬಾರದು. ಟ್ಯಾಬ್ಲೆಟ್ ಇಡುವವರು ಒಂದು ವಿಷಯ ನೋಡಿಕೊಳ್ಳಿ. ವೈಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಇರುವುದಿಲ್ಲ, ಸಿಮ್ ಸೌಲಭ್ಯ ಇರುವ ಮಾದರಿಗಳಲ್ಲಿ ಮಾತ್ರ ಇರುತ್ತದೆ. ಬೇರೆ ಟ್ಯಾಬ್ಲೆಟ್‌ಗಳನ್ನೂ ಕೊಳ್ಳುವ ಮೊದಲು ವಿಚಾರಿಸಿ.

ಮ್ಯಾಪ್ ಯಾವುದು ಅಂತೀರಾ? ಗೂಗಲ್ ಮ್ಯಾಪ್ಸ್‌ನಲ್ಲಿ ಬೇಕಾದಷ್ಟು ಜಾಗವನ್ನು ಗುರುತಿಸಿ ಆಫ್‌ಲೈನ್ ಇಳಿಸಬಹುದು. ಆದರೆ ನೆಟ್ ಇಲ್ಲದಾಗ ಟ್ರಾಫಿಕ್ ಮಾಹಿತಿ ಸಿಗುವುದಿಲ್ಲ, ಬದಲಿ ದಾರಿಗಳನ್ನೂ ಅದು ತೋರಿಸುವುದಿಲ್ಲ. ಇಳಿಸಿದ ಮ್ಯಾಪಿಗೆ ಅವಧಿಯೂ ಇದೆ. ಆಗಾಗ ವೈಫೈಗೆ ಹಾಕಿ ಹೊಸದು ಮಾಡಿಕೊಳ್ಳಬೇಕು. ಓಸ್ಮ್ಆಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಆಪ್‌ಗಳು ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸುತ್ತವೆ. ಜನರೇ ಸೇರಿ ಕಟ್ಟುತ್ತಿರುವ ಮ್ಯಾಪ್ ಅದು, 2004ರಲ್ಲಿ ಶುರುವಾಯಿತು. ಇವುಗಳಲ್ಲಿ ಇಡೀ ರಾಜ್ಯವನ್ನೋ ದೇಶವನ್ನೋ ಒಟ್ಟಿಗೆ ಇಳಿಸಬಹುದು. ಎರಡು ಬಗೆಯದೂ ಫೋನಿನಲ್ಲಿರಲಿ. ಒಂದರಲ್ಲಿ ಸಿಗದ ಮನೆ ನಂಬರು ಇನ್ನೊಂದರಲ್ಲಿ ಸಿಗುತ್ತದೆ.

ಸಮುದ್ರ ದಾಟಿ ಬಂದ ಫೋನು ಮೊದಲ ಸಲ ಸತಾಯಿಸಬಹುದು. ನೆಟ್ ಇದ್ದರೆ ಯಾವ ಉಪಗ್ರಹ ಎಲ್ಲಿದೆ ಎಂಬ ವಿವರ ಕ್ಷಣದಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಉಪಗ್ರಹದಿಂದಲೇ ಕೇಳಿ ತಿಳಿಯಬೇಕು. ಜಿಪಿಎಸ್‌ನ ಒಂದೊಂದು ಉಪಗ್ರಹವೂ ತನ್ನ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ. ಎಲ್ಲ ಉಪಗ್ರಹಗಳ ಪಟ್ಟಿ ಪೂರ್ತಿ ಬರಲು 12.5 ನಿಮಿಷ ಬೇಕು. ಕೆಟ್ಟಿದೆ ಅಂತ ಬದಿಗಿಡಬೇಡಿ. ಮೇಲೆ ಆಕಾಶ ಕಾಣುವ ಕಡೆ ಕಾರು ನಿಲ್ಲಿಸಿ, ಫೋನನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು, ಸುಮ್ಮನೆ ಕಾಯಿರಿ. ನೆಲಮಾಳಿಗೆಯ ಪಾರ್ಕಿಂಗ್‌ನಿಂದ ಹೊರಡುವವರು ಹೊರಗೆ ಬಂದ ಮೇಲೂ ಸ್ವಲ್ಪ ನಿಲ್ಲಬೇಕು. ಕೆಲವು ಕಾರುಗಳ ಮುಂದಿನ ಗಾಜಿಗೆ ತೆಳುವಾದ ಲೋಹದ ಲೇಪ ಇರುತ್ತದೆ, ಅದು ಸಿಗ್ನಲ್ ತಡೆಯುತ್ತದೆ. ಕನ್ನಡಿಯ ಹತ್ತಿರ ಲೇಪವಿಲ್ಲದ ಜಾಗವಿದೆಯಾ ಅಂತ ಕಾರಿನ ಕೈಪಿಡಿಯಲ್ಲಿ ನೋಡಿ. ಹಾಗೇ ಫೋನಿನ ಗಡಿಯಾರವೂ ಇಲ್ಲಿನ ಸಮಯಕ್ಕೆ ಬಂದಿದೆಯಾ ನೋಡಿ. ಸಿಮ್ ಇಲ್ಲದ ಫೋನು ಹಳೇ ದೇಶದ ಸಮಯದಲ್ಲೇ ಉಳಿದರೆ, ತಲುಪುವ ಹೊತ್ತನ್ನೂ ತಪ್ಪಾಗಿಯೇ ಹೇಳುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಕಿಲೋಮೀಟರ್, ಮೈಲಿ ಯಾವುದು ಬೇಕೋ ಮೊದಲು ಆರಿಸಿ. ಬ್ರಿಟನ್, ಅಮೆರಿಕದ ಬೋರ್ಡುಗಳಲ್ಲಿ ಮೈಲಿ ಇರುತ್ತದೆ. ಬೋರ್ಡಿನಲ್ಲಿ ಯಾವುದಿದೆಯೋ ಫೋನಿನಲ್ಲೂ ಅದೇ ಇರಲಿ. ಟೋಲ್ ರಸ್ತೆ, ದೋಣಿ ದಾರಿ ಬೇಡವೆಂದರೆ ಅದನ್ನೂ ಅಲ್ಲೇ ಹೇಳಿ.

ವಿಳಾಸ ಹಾಕುವಾಗ ಪಿನ್‌ಕೋಡಿನಿಂದ ಶುರು ಮಾಡಿ. ಒಂದೇ ಹೆಸರಿನ ಬೀದಿ ಅಕ್ಕಪಕ್ಕದ ಊರುಗಳಲ್ಲೆಲ್ಲ ಇರುತ್ತದೆ. ಮೊದಲು ಕಂಡದ್ದನ್ನು ಒತ್ತಿದರೆ ಬೇರೆ ಊರಿಗೇ ಹೋಗಿ ಇಳಿಯುತ್ತೀರಿ. ಬ್ರಿಟನ್ನಿನ ಒಂದು ಪೋಸ್ಟ್‌ಕೋಡಿನಲ್ಲಿ ಸರಾಸರಿ 15 ವಿಳಾಸ ಮಾತ್ರ ಇರುತ್ತವೆ, ಅಷ್ಟು ಸಾಕು. ಜರ್ಮನಿಯಲ್ಲಿ ಮನೆ ನಂಬರು ಬೀದಿಯ ಹೆಸರಾದ ಮೇಲೆ ಬರುತ್ತದೆ, ಅಮೆರಿಕದಲ್ಲಿ ಮೊದಲು ಬರುತ್ತದೆ. ಹೊರಡುವ ಮುಂಚೆ ಪೂರ್ತಿ ದಾರಿಯನ್ನು ಒಮ್ಮೆ ದೂರದಿಂದ ನೋಡಿ. ಯಾವ ದಿಕ್ಕಿಗೆ, ಎಷ್ಟು ದೂರ, ಯಾವ ಹೆದ್ದಾರಿ. ಈ ಮೂರು ತಲೆಯಲ್ಲಿದ್ದರೆ ಅರ್ಧ ಧೈರ್ಯ ಬಂದ ಹಾಗೆ.

ಇದನ್ನೆಲ್ಲ ಕಾರು ನಿಂತಿರುವಾಗಲೇ ಮಾಡಿ ಮುಗಿಸಬೇಕು. ಇಲ್ಲಿ ನನಗೆ ಸಿಟ್ಟೇ ಬರುತ್ತದೆ. ಹಿಂದೆ ಮಕ್ಕಳನ್ನು ಕೂರಿಸಿಕೊಂಡು, ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದು ಕೈಯಲ್ಲಿ ವಿಳಾಸ ಒತ್ತುತ್ತಾ ಹೆದ್ದಾರಿಗೆ ಇಳಿಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಬ್ರಿಟನ್‌ನಲ್ಲಿ ಕೆಂಪು ದೀಪದಲ್ಲಿ ನಿಂತಿದ್ದಾಗ ಫೋನ್ ಕೈಯಲ್ಲಿ ಹಿಡಿದು ಬಳಸಿದರೂ ಅಪರಾಧ. ಅದಕ್ಕೆ ಲೈಸೆನ್ಸಿನ ಮೇಲೆ 6 ದಂಡದ ಪಾಯಿಂಟ್ ಬೀಳುತ್ತದೆ. ಅಲ್ಲಿ ಹೊಸದಾಗಿ ಟೆಸ್ಟ್ ಪಾಸಾದವರು ಮೊದಲ 2 ವರ್ಷದಲ್ಲಿ 6 ಪಾಯಿಂಟ್ ಮುಟ್ಟಿದರೆ ಲೈಸೆನ್ಸೇ ಹೋಗುತ್ತದೆ. ಗಟ್ಟಿಯಾದ ಹೋಲ್ಡರ್ ತಗೊಳ್ಳಿ. ರಸ್ತೆಗೆ ಅಡ್ಡ ಬರದ ಹಾಗೆ, ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗ ಬಿಟ್ಟು ಕೂರಿಸಿ. ಚಾರ್ಜರ್ ಹಾಕಿಯೇ ಇಡಿ, ದಾರಿ ತೋರಿಸುವ ಕೆಲಸ ಬ್ಯಾಟರಿಯನ್ನು ಬೇಗ ತಿನ್ನುತ್ತದೆ. ಕಾರು ನಿಲ್ಲಿಸಿ ಹೋಗುವಾಗ ಫೋನನ್ನು ಬಿಸಿಲಲ್ಲಿ ಬಿಡಬೇಡಿ. ಐಫೋನನ್ನು 0ರಿಂದ 35 ಡಿಗ್ರಿ ಸೆಲ್ಸಿಯಸ್ ಒಳಗೆ ಬಳಸಿ ಅಂತ ಆಪಲ್ ಹೇಳುತ್ತದೆ. ಮುಚ್ಚಿದ ಕಾರು ಅದನ್ನು ಬೇಗ ದಾಟಿಬಿಡುತ್ತದೆ.

ಸ್ಪೀಡ್ ಕ್ಯಾಮೆರಾ ಬಗ್ಗೆ ಎಚ್ಚರಿಸುವ ಸೌಲಭ್ಯವನ್ನು ಯೋಚಿಸದೆ ಆನ್ ಮಾಡಬೇಡಿ. ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್‌ಗಳಲ್ಲಿ ಚಾಲಕರು ಅದನ್ನು ಬಳಸುವುದು ಕಾನೂನಿಗೆ ವಿರುದ್ಧ.

ನಾವು ರಸ್ತೆಯ ಎಡಗಡೆ ಓಡಿಸಿ ರೂಢಿಯಾದವರು. ಬಲಗಡೆ ಓಡಿಸುವ ದೇಶದಲ್ಲಿ ರೌಂಡ್‌ಅಬೌಟ್ ಸುತ್ತುವುದೂ ಉಲ್ಟಾ. ಮೂರನೇ ಎಕ್ಸಿಟ್ ಅಂದರೆ ನೀವು ಒಳಗೆ ಸೇರಿದ ಮೇಲೆ, ಸುತ್ತುವ ದಿಕ್ಕಿನಲ್ಲಿ ಮೂರನೆಯದು. ಫೋನಿನ ಚುಕ್ಕಿಯನ್ನು ನೋಡಿ ಎಣಿಸಬೇಡಿ. ಬಯಲಿನಲ್ಲಿ ಕೂಡ ಅದು ಸುಮಾರು 5 ಮೀಟರ್ ಆಚೀಚೆ ಇರಬಹುದು. ಎತ್ತರದ ಕಟ್ಟಡಗಳ ನಡುವೆ ಇನ್ನೂ ಜಾಸ್ತಿ. ಮೇಲ್ಸೇತುವೆಯ ಮೇಲಿದ್ದೀರೋ ಕೆಳಗಿದ್ದೀರೋ ಅಂತ ಅದಕ್ಕೇ ಗೊಂದಲವಾಗುತ್ತದೆ. ಸುರಂಗದೊಳಗೆ ಚುಕ್ಕಿ ನಿಂತೇ ಹೋಗಬಹುದು. ಬೋರ್ಡು ಒಂದು ಹೇಳಿ ಫೋನು ಇನ್ನೊಂದು ಹೇಳಿದರೆ ಬೋರ್ಡನ್ನು ನಂಬಿ.

ಎಕ್ಸಿಟ್ ತಪ್ಪಿತಾ? ತಪ್ಪಲಿ. ಮುಂದಿನದರವರೆಗೆ ಹೋಗಿ. ಫೋನು ಹೊಸ ದಾರಿ ಹುಡುಕಿಕೊಳ್ಳುತ್ತದೆ. ಹೆದ್ದಾರಿಯಲ್ಲಿ ನಿಲ್ಲಿಸುವುದು, ಹಿಂದಕ್ಕೆ ಬರುವುದು, ಕೊನೇ ಕ್ಷಣದಲ್ಲಿ ಲೇನ್ ದಾಟಿ ನುಗ್ಗುವುದು, ಇವು ಜೀವ ತೆಗೆಯುವ ಕೆಲಸ. ತಡವಾದರೆ ಒಂದು ಕ್ಷಮೆ ಕೇಳಿದರೆ ಸಾಕು. ಪಕ್ಕದಲ್ಲಿ ಕೂತವರೂ ಆಗ ಬೈಯಬಾರದು. ಹೊಸ ದೇಶದಲ್ಲಿ ಗಂಡ ಹೆಂಡತಿಯ ಎಷ್ಟೋ ಜಗಳ ಇಂಥ ತಪ್ಪಿದ ತಿರುವಿನಲ್ಲೇ ಶುರುವಾಗುವುದನ್ನು ನಾನು ಕೇಳಿದ್ದೇನೆ.

ಗೂಗಲ್ ಮ್ಯಾಪ್ಸ್ 2018ರಿಂದ ಕನ್ನಡದಲ್ಲೂ ದಾರಿ ಹೇಳುತ್ತದೆ. ಮೊದಮೊದಲು ಇಲ್ಲಿನ ಭಾಷೆಯ ದನಿಯನ್ನೇ ಇಟ್ಟುಕೊಳ್ಳಿ, ಬೋರ್ಡಿನ ಹೆಸರೂ ಕಿವಿಗೆ ಬೀಳುವ ಹೆಸರೂ ಹೊಂದಬೇಕು. ರಸ್ತೆಗಳು ಪರಿಚಯವಾದ ಮೇಲೆ ಕನ್ನಡಕ್ಕೆ ಬದಲಾಯಿಸಿ. ಇಲ್ಲಿ ಹುಟ್ಟಿದ ಮಕ್ಕಳಿಗೆ ಮನೆಯ ಹೊರಗೆ ಕನ್ನಡ ಕೇಳಿಸುವ ಜಾಗ ಎಷ್ಟಿದೆ ಹೇಳಿ? ಕಾರಿನಲ್ಲಿ ದಿನಾ ಎಡಕ್ಕೆ, ಬಲಕ್ಕೆ, ನೇರವಾಗಿ ಅಂತ ಕೇಳುತ್ತಾ ಬೆಳೆದರೆ ಅಷ್ಟಾದರೂ ಅವರದಾಗುತ್ತದೆ.

ಮಕ್ಕಳ ವಿಷಯ ಬಂತು, ಇನ್ನೊಂದು ಮಾತು. ನಾವು ದಾರಿ ಕೇಳುತ್ತಾ ಬೆಳೆದವರು. ಕೇಳುವ ನೆಪದಲ್ಲಿ ಎಷ್ಟು ಮಾತು, ಎಷ್ಟು ಪರಿಚಯ. ಫೋನು ಬಂದ ಮೇಲೆ ಅದು ಹೋಯಿತು. ಇಲ್ಲಂತೂ ಕಾರಿನ ಗಾಜು ಇಳಿಸುವ ಸಂದರ್ಭವೇ ಬರುವುದಿಲ್ಲ. ಅದಕ್ಕೆ ನನಗೆ ನಿಜವಾಗಿ ದುಃಖವಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸ್ವಂತವಾಗಿ ದಾರಿ ಹುಡುಕುವವರು ಹೊಸ ಬೀದಿಗೆ ಕಾಲಿಟ್ಟಾಗ ಮಿದುಳಿನಲ್ಲಿ ನೆನಪು, ದಾರಿಗಳ ಲೆಕ್ಕ ಇಡುವ ಹಿಪೊಕ್ಯಾಂಪಸ್ ಭಾಗ ಚುರುಕಾಗುತ್ತಿತ್ತು. ಯಂತ್ರ ಹೇಳಿದಂತೆ ಹೋಗುವವರಲ್ಲಿ ಹಾಗೆ ಆಗಲಿಲ್ಲ. ವರ್ಷಗಟ್ಟಲೆ ಒಂದೇ ಊರಿನಲ್ಲಿದ್ದರೂ ಆ ಊರು ನಮ್ಮದು ಅನ್ನಿಸದೇ ಇರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಎಣಿಕೆ. ನಾವು ಊರನ್ನು ನೋಡಿಯೇ ಇರುವುದಿಲ್ಲ, ಪರದೆಯನ್ನು ನೋಡಿರುತ್ತೇವೆ.

ಅದಕ್ಕೇ ಹೇಳುವುದು, ಆಫೀಸು, ಶಾಲೆ, ಲೈಬ್ರರಿ ದಾರಿಗಳು ರೂಢಿಯಾದ ಮೇಲೆ ಫೋನನ್ನು ಆಫ್ ಮಾಡಿ ಓಡಿಸಿ. ಮಕ್ಕಳ ಕೈಯಿಂದ ಟ್ಯಾಬ್ಲೆಟ್ ತೆಗೆದು ದಾರಿ ಹೇಳುವ ಕೆಲಸ ಕೊಡಿ. ಮ್ಯಾಪಿನಲ್ಲಿ ಉತ್ತರ ದಿಕ್ಕು ಯಾವಾಗಲೂ ಮೇಲೆ ಇರುವ ಹಾಗೆ ಇಟ್ಟರೆ ಊರಿನ ಆಕಾರ ಅವರ ಮನಸ್ಸಿನಲ್ಲಿ ಕೂರುತ್ತದೆ. ಅಪ್ಪ ಅಮ್ಮ ಬಂದು ಇರುವಾಗ ಅವರ ಫೋನಿನಲ್ಲೂ ಮ್ಯಾಪ್ ಇಳಿಸಿ, ಮನೆಯನ್ನು ಗುರುತು ಮಾಡಿ ಕೊಡಿ. ಜೊತೆಗೆ ವಿಳಾಸವನ್ನು ಚೀಟಿಯಲ್ಲಿ ಬರೆದು ಜೇಬಿಗಿಡಿ. ವಾಕಿಂಗ್ ಹೋದವರು ಒಂದೇ ಥರದ ಮನೆಗಳ ಮಧ್ಯೆ ನಿಂತು ಗಾಬರಿಯಾಗುವುದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಹೊರಗೆ ಹೋಗುವುದನ್ನೇ ನಿಲ್ಲಿಸಿಬಿಡುತ್ತಾರೆ.

ಸ್ವಲ್ಪ ನೆಲೆಯಾದ ಮೇಲೆ ಮ್ಯಾಪನ್ನು ತಿದ್ದುವುದನ್ನೂ ಕಲಿಯಿರಿ. ನಿಮ್ಮ ಬೀದಿ ಒನ್‌ವೇ ಆಗಿರಬಹುದು. ಶಾಲೆಯ ಗೇಟು ಹಿಂದಿನ ರಸ್ತೆಗೆ ಹೋಗಿರಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದು ಖಾತೆ ತೆರೆದರೆ ನೀವೇ ಸರಿ ಮಾಡಬಹುದು. ಜಾಗಗಳ ಹೆಸರನ್ನು ಕನ್ನಡದಲ್ಲಿ ಬರೆಯಲೂ ಅದರಲ್ಲಿ ಪ್ರತ್ಯೇಕ ಅವಕಾಶ ಇದೆ. ನೀವು ಮಾಡಿದ ಬದಲಾವಣೆ ಫೋನಿನಲ್ಲಿ ಕೂಡಲೇ ಕಾಣದಿದ್ದರೆ ಗಾಬರಿ ಬೇಡ. ಆಪ್‌ನವರು ಹೊಸ ಮ್ಯಾಪ್ ಬಿಟ್ಟ ಮೇಲೆ ಇನ್ನೊಮ್ಮೆ ಇಳಿಸಿಕೊಳ್ಳಿ.